ಚಿವುಟಿದಷ್ಟೂ ಚಿಗುರುವ ಮದರಂಗಿ ಬೇಲಿ

ಉತ್ತರ ಕರ್ನಾಟಕದ ಊರುಗಳಲ್ಲಿ ನಾಗರಪಂಚಮಿ ಹತ್ತಿರ ಬಂತೆಂದರೆ ಹೆಣ್ಣುಮಕ್ಕಳ ಗುಂಪು ಎರಡು ಕಡೆ ಕಾಣುತ್ತಿತ್ತು. ಒಂದು, ಜೋಕಾಲಿ ಕಟ್ಟಿದ ಮರದ ಕೆಳಗೆ. ಇನ್ನೊಂದು, ಯಾರದೋ ಹಿತ್ತಲಿನ ಮದರಂಗಿ ಬೇಲಿಯ ಪಕ್ಕದಲ್ಲಿ. ಉಡಿ ತುಂಬ ಸೊಪ್ಪು ಕಿತ್ತುಕೊಂಡು ಹೋಗುವವರನ್ನು ಮನೆಯವರು ತಡೆಯುತ್ತಿರಲಿಲ್ಲ. ‘ಮುಳ್ಳು ಚುಚ್ಚೀತು, ನೋಡ್ಕೊಂಡು ಕೀಳ್ರಿ’ ಎಂದು ಒಳಗಿನಿಂದ ಒಂದು ಮಾತು ಕೇಳಿಬಂದರೆ ಹೆಚ್ಚು. ಹಬ್ಬ ಮುಗಿಯುವ ಹೊತ್ತಿಗೆ ಬೇಲಿಯ ತುದಿಗಳೆಲ್ಲ ಬೋಳಾಗಿರುತ್ತಿದ್ದವು. ಕೆಲವೇ ವಾರಗಳಲ್ಲಿ ಅದೇ ಬೇಲಿ ಮೊದಲಿಗಿಂತ ದಟ್ಟವಾಗಿ ನಿಂತಿರುತ್ತಿತ್ತು.

ಸೊಪ್ಪು ಕಿತ್ತವರು ತಾವು ತೋಟಗಾರಿಕೆ ಮಾಡುತ್ತಿದ್ದೇವೆಂದು ಭಾವಿಸಿರಲಿಲ್ಲ. ಆದರೆ ಆಗುತ್ತಿದ್ದದ್ದು ಅದೇ. ಕೈ ಕೆಂಪಾಗಲಿ ಎಂದು ನಡೆಯುತ್ತಿದ್ದ ಕೆಲಸದಿಂದ ಬೇಲಿ ಹಸುರಾಗಿ ಉಳಿಯುತ್ತಿತ್ತು.

ಈ ಗಿಡಕ್ಕೆ ಕನ್ನಡದಲ್ಲಿ ಮದರಂಗಿ, ಗೋರಂಟಿ, ಮೆಹಂದಿ ಎಂದು ಮೂರು ಹೆಸರು ಬಳಕೆಯಲ್ಲಿವೆ. ಕರಾವಳಿಯಲ್ಲಿ ಮದರಂಗಿ ಹೆಚ್ಚು. ತೆಲುಗು ಸೀಮೆಗೆ ತಾಗಿದ ಕಡೆ ಗೋರಂಟಿ. ಪೊಟ್ಟಣದ ಮೇಲೆ ಮಾತ್ರ ಎಲ್ಲೆಲ್ಲೂ ಮೆಹಂದಿ. ಗೋರಂಟಿ ಎಂಬ ಹೆಸರಿನಲ್ಲಿ ಸ್ವಲ್ಪ ಎಚ್ಚರ ಬೇಕು. ಹಳದಿ ಹೂ ಬಿಡುವ, ಮೈತುಂಬ ಮುಳ್ಳಿನ ಮುಳ್ಳುಗೋರಂಟಿ ಬೇರೆಯೇ ಗಿಡ. ಅದನ್ನು ಎಷ್ಟು ಅರೆದರೂ ಕೈಗೆ ಬಣ್ಣ ಬಾರದು. ಹಾಗೆಯೇ ಬಯಲುಸೀಮೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಬಂದರೆ ಗಿಡಕ್ಕೆ ಉತ್ತರ ಭಾರತದಲ್ಲಿ ‘ವಿಲಾಯತಿ ಮೆಹಂದಿ’ ಎಂಬ ಹೆಸರುಂಟು. ಅದೂ ಒಳ್ಳೆಯ ಬೇಲಿಗಿಡವೇ ಆದ್ದರಿಂದ ಈ ಹೆಸರು ಅಂಟಿಕೊಂಡಿದೆ, ಬಣ್ಣದ ಸಂಬಂಧದಿಂದಲ್ಲ. ಅರಬ್ಬಿಯ ‘ಹಿನ್ನಾ’ ಇಂಗ್ಲಿಷಿಗೆ ಹೋಗಿ ಹೆನ್ನಾ ಆಯಿತು. ಆಯುರ್ವೇದದವರು ಇದನ್ನು ಮದಯಂತಿಕಾ ಎನ್ನುತ್ತಾರೆ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸ ಪಿ.ಕೆ. ಗೋಡೆಯವರು ಮೆಹಂದಿಯ ಇತಿಹಾಸವನ್ನು ಹುಡುಕುತ್ತ ಈ ಹೆಸರುಗಳ ಜಾಡಿನಲ್ಲಿ ಸಾಕಷ್ಟು ದೂರ ನಡೆದಿದ್ದರು.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲಾಸೋನಿಯಾ ಇನರ್ಮಿಸ್. 1753ರಲ್ಲಿ ಈ ಹೆಸರಿಟ್ಟವನು ಸ್ವೀಡನ್ನಿನ ಲಿನೇಯಸ್. ಐಸಾಕ್ ಲಾಸನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಅವನ ಗೆಳೆಯ. 1735ರಲ್ಲಿ ಲಿನೇಯಸ್‌ನ ‘ಸಿಸ್ಟಮಾ ನ್ಯಾಚುರೇ’ ಅಚ್ಚಾಗಲು ಹಣದ ನೆರವು ನೀಡಿದವರಲ್ಲಿ ಒಬ್ಬ. ಆ ಋಣ ಗಿಡದ ಹೆಸರಿನಲ್ಲಿ ಸಂದಾಯವಾಯಿತು. ‘ಇನರ್ಮಿಸ್’ ಎಂದರೆ ಆಯುಧವಿಲ್ಲದ್ದು, ಅರ್ಥಾತ್ ಮುಳ್ಳಿಲ್ಲದ್ದು. ಬೇಲಿಯಿಂದ ಸೊಪ್ಪು ಕಿತ್ತ ಯಾರೇ ಆದರೂ ಇದನ್ನು ಕೇಳಿ ನಗಬೇಕು. ಆದರೆ ಲಿನೇಯಸ್ ಪೂರಾ ತಪ್ಪಿರಲಿಲ್ಲ. ಎಳೆಯ ಗಿಡದಲ್ಲಿ ಮುಳ್ಳಿರುವುದಿಲ್ಲ. ವಯಸ್ಸಾದಂತೆ ಅಕ್ಕಪಕ್ಕದ ಗಿಡ್ಡ ರೆಂಬೆಗಳು ಬೆಳೆಯುವುದನ್ನು ನಿಲ್ಲಿಸಿ, ತುದಿ ಗಟ್ಟಿಯಾಗಿ ಚೂಪಾಗುತ್ತವೆ. ಅದೇ ಮುಳ್ಳು. ಅಂಥ ಮುಳ್ಳಿರುವ ಗಿಡಕ್ಕೆ ಅದೇ ಪುಸ್ತಕದಲ್ಲಿ ‘ಸ್ಪೈನೋಸಾ’, ಅಂದರೆ ಮುಳ್ಳುಳ್ಳದ್ದು, ಎಂದು ಇನ್ನೊಂದು ಹೆಸರು ಕೊಟ್ಟಿದ್ದ. ಒಂದೇ ಗಿಡದ ಬಾಲ್ಯಕ್ಕೊಂದು, ಮುಪ್ಪಿಗೊಂದು ಹೆಸರಾಗಿತ್ತು. ಎರಡೂ ಒಂದೇ ಎಂದು ತಿಳಿದ ಮೇಲೆ ಉಳಿದದ್ದು ಮುಳ್ಳಿಲ್ಲದ ಹೆಸರು.

ರೆಂಬೆಯೇ ಮುಳ್ಳಾಗುವ ಈ ಅಭ್ಯಾಸ ದಾಳಿಂಬೆಗೂ ಉಂಟು. ಅದು ಆಕಸ್ಮಿಕವಲ್ಲ. ಮೊದಲು ದಾಳಿಂಬೆಯನ್ನು ಪ್ರತ್ಯೇಕ ಕುಟುಂಬವೆಂದು ಇಟ್ಟಿದ್ದ ಸಸ್ಯಶಾಸ್ತ್ರಜ್ಞರು ಈಗ ಅದನ್ನು ಮದರಂಗಿಯ ಕುಟುಂಬದಲ್ಲೇ ಸೇರಿಸಿದ್ದಾರೆ. ಪಶ್ಚಿಮಘಟ್ಟದ ನಂದಿ ಮರ, ನೀಲಿಗೆಂಪು ಹೂವಿನ ಹೊಳೆದಾಸವಾಳ ಇವೂ ಅದೇ ಮನೆತನದವು. ಇವುಗಳ ಹೂಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹೋಲಿಕೆ ಕಾಣುತ್ತದೆ: ಎಲ್ಲದರ ದಳಗಳೂ ಪೆಟ್ಟಿಗೆಯಲ್ಲಿ ತುರುಕಿಟ್ಟು ತೆಗೆದ ರೇಷ್ಮೆ ಬಟ್ಟೆಯಂತೆ ಸುಕ್ಕುಗಟ್ಟಿರುತ್ತವೆ.

ಉತ್ತರ ಆಫ್ರಿಕಾದಿಂದ ಭಾರತದವರೆಗಿನ ಒಣ ಬಿಸಿಲುನಾಡು ಮದರಂಗಿಯ ನೆಲೆ. ಅದರ ಸ್ವಭಾವವೆಲ್ಲ ಅಲ್ಲಿಂದ ಬಂದದ್ದು. ಬಿಸಿಲು ಎಷ್ಟಿದ್ದರೂ ಬೇಡವೆನ್ನದು. ಕಲ್ಲುನೆಲ, ಕೆಮ್ಮಣ್ಣು, ಗೊಬ್ಬರ ಕಾಣದ ಗೋಡು ಎಲ್ಲಕ್ಕೂ ಒಗ್ಗಿಕೊಳ್ಳುತ್ತದೆ. ಬರ ಬಿದ್ದರೆ ಎಲೆ ಹಳದಿಯಾಗಿ ಉದುರಿಸಿ ಸತ್ತಂತೆ ನಿಂತು, ಮೊದಲ ಮಳೆ ಬಿದ್ದೊಡನೆ ಎದ್ದು ಕೂರುತ್ತದೆ. ಅದು ತಾಳದ್ದು ಎರಡೇ: ಕಡು ಚಳಿ, ಮತ್ತು ಬೇರಿನ ಬಳಿ ನಿಂತ ನೀರು. ಚಳಿಯ ಚಿಂತೆ ಕರ್ನಾಟಕಕ್ಕೆ ಇಲ್ಲ. ನೀರಿನದು ಮಲೆನಾಡಿಗೂ ಕರಾವಳಿಗೂ ಉಂಟು. ಅಲ್ಲಿ ಬೇಲಿ ಹಾಕುವವರು ಚರಂಡಿಯ ಅಂಚಿಗೋ ತಗ್ಗಿಗೋ ನೆಡದೆ, ಮಣ್ಣು ಏರಿಸಿ ಸಣ್ಣ ದಿಣ್ಣೆ ಮಾಡಿ ಅದರ ಮೇಲೆ ನೆಡುವುದು ವಾಸಿ. ನೆಳಲಲ್ಲಿ ನೆಟ್ಟರೆ ಸಾಯುವುದಿಲ್ಲ. ಆದರೆ ಬೆಳಕನ್ನು ಅರಸಿ ಉದ್ದುದ್ದ ಚಾಚಿಕೊಂಡು, ಬೇಲಿಯ ಬದಲು ಕಡ್ಡಿಗಳ ಸಾಲಾಗುತ್ತದೆ.

ನೆಡುವುದು ಬೀಜದಿಂದಲೂ ಆಗುತ್ತದೆ, ಕಡ್ಡಿಯಿಂದಲೂ ಆಗುತ್ತದೆ. ಬಟಾಣಿಯಷ್ಟು ದಪ್ಪದ ಒಣಕಾಯಿಯೊಳಗೆ ಸಣ್ಣ ಸಣ್ಣ ಮೂಲೆಮೂಲೆಯ ಬೀಜಗಳಿರುತ್ತವೆ. ಸಿಪ್ಪೆ ಗಡುಸಾದ್ದರಿಂದ ಹಾಗೆಯೇ ಬಿತ್ತಿದರೆ ಮೊಳೆಯಲು ಸತಾಯಿಸುತ್ತವೆ. ನಾಲ್ಕಾರು ದಿನ ನೀರಿನಲ್ಲಿ ನೆನೆಹಾಕಿ, ದಿನವೂ ನೀರು ಬದಲಿಸಿ, ಮರಳಿನೊಡನೆ ಬೆರೆಸಿ ಪಾತಿಯಲ್ಲಿ ಚೆಲ್ಲಬೇಕು. ಬೇಸಗೆಯಲ್ಲಿ ಪಾತಿ ಮಾಡಿದರೆ ಮುಂಗಾರಿಗೆ ಸಸಿ ಕೀಳಲು ಬರುತ್ತದೆ. ಹತ್ತಿಪ್ಪತ್ತು ಅಡಿ ಬೇಲಿಗಾದರೆ ಇಷ್ಟು ತಾಪತ್ರಯವೇಕೆ? ಗುರುತಿನವರ ಬೇಲಿಯಿಂದ ಪೆನ್ಸಿಲ್ ದಪ್ಪದ, ಗೇಣುದ್ದದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಕಡ್ಡಿ ತಂದು, ಮುಕ್ಕಾಲು ಭಾಗ ಎಲೆ ತೆಗೆದು, ಅರ್ಧದಷ್ಟು ಮಣ್ಣಿಗೆ ಇಳಿಯುವಂತೆ ಮಳೆಗಾಲದ ಆರಂಭದಲ್ಲಿ ಊರಿದರೆ ಸಾಕು. ಎಲ್ಲವೂ ಬೇರು ಬಿಡುವುದಿಲ್ಲ. ಬೇಕಾದ್ದಕ್ಕಿಂತ ಅರ್ಧದಷ್ಟು ಹೆಚ್ಚು ಊರಿ, ಸತ್ತ ಕಡೆ ತುಂಬಿಕೊಳ್ಳಬೇಕು. ಗಿಡದಿಂದ ಗಿಡಕ್ಕೆ ಒಂದಡಿ. ಆಡು ನುಸುಳಬಾರದು ಎಂದಿದ್ದರೆ ಒಂದರ ಹಿಂದೆ ಇನ್ನೊಂದು ಸಾಲು, ಮೊದಲ ಸಾಲಿನ ಸಂದಿಗೆ ಎರಡನೆಯದರ ಗಿಡ ಬರುವಂತೆ.

ತರಕಾರಿ ಮಡಿಯನ್ನು ಮಾತ್ರ ಈ ಸಾಲಿನಿಂದ ಎರಡು ಮೂರು ಅಡಿಯಾದರೂ ದೂರವಿಡುವುದು ಕ್ಷೇಮ. ಬೇಲಿಯ ಬೇರುಗಳು ನೀರು, ಗೊಬ್ಬರ ಇದ್ದ ಕಡೆಗೆ ಸರಿಯುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಗಾದೆಯಲ್ಲಿ ಮಾತ್ರವಲ್ಲ.

ಇಲ್ಲಿಯವರೆಗಿನದು ಯಾರಿಗಾದರೂ ಬರುವ ಕೆಲಸ. ಬೇಲಿ ಕೆಡುವುದು ಇದರ ಮುಂದಿನ ಹಂತದಲ್ಲಿ, ಅದೂ ಪ್ರೀತಿಯಿಂದ. ಊರಿದ ಕಡ್ಡಿ ಚಿಗುರಿ ಮೊಣಕಾಲೆತ್ತರ ಬಂದಾಗ ಅದನ್ನು ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ‘ಮೊದಲು ಎತ್ತರ ಆಗಲಿ, ಆಮೇಲೆ ಕತ್ತರಿಸಿದರಾಯಿತು’ ಎಂದು ಬಿಡುತ್ತಾರೆ. ಎರಡು ವರ್ಷಕ್ಕೆ ಅದು ಆಳೆತ್ತರವಾಗುತ್ತದೆ. ಮೇಲೆ ಹಸುರು ಕೊಡೆ, ಕೆಳಗೆ ಬರಿಯ ಕಾಲು. ನಾಯಿ, ಕೋಳಿ ಆ ಕಾಲುಗಳ ಸಂದಿಯಲ್ಲಿ ಆರಾಮವಾಗಿ ಓಡಾಡುತ್ತವೆ. ಆಮೇಲೆ ಮೇಲೆ ಎಷ್ಟು ಕತ್ತರಿಸಿದರೂ ಕೆಳಗೆ ತುಂಬುವುದಿಲ್ಲ.

ಕಾರಣ ಗಿಡದ ಒಳಗಿನ ಆಡಳಿತ. ಪ್ರತಿ ರೆಂಬೆಯ ತುದಿಮೊಗ್ಗು ಆಕ್ಸಿನ್ ಎಂಬ ರಸವನ್ನು ಕೆಳಗೆ ಹರಿಸುತ್ತಿರುತ್ತದೆ. ಅದು ಹರಿಯುವವರೆಗೆ ಕೆಳಗಿನ ಎಲೆಗಳ ಕಂಕುಳಲ್ಲಿರುವ ಮೊಗ್ಗುಗಳು ಏಳುವಂತಿಲ್ಲ. ಯಜಮಾನ ಬದುಕಿರುವವರೆಗೆ ಉಳಿದವರು ಬಾಯಿ ತೆರೆಯದ ಹಳೆಯ ಕೂಡುಕುಟುಂಬದಂತೆ. ತುದಿ ಚಿವುಟಿದರೆ ರಸ ನಿಂತು, ಕೆಳಗಿನವು ಎದ್ದುಬಿಡುತ್ತವೆ. ಮದರಂಗಿಯ ಎಲೆಗಳು ಒಂದಕ್ಕೊಂದು ಎದುರಾಗಿ ಜೋಡಿಯಲ್ಲಿರುವುದರಿಂದ, ಒಂದು ತುದಿ ಹೋದ ಕಡೆ ಎರಡು ಚಿಗುರು. ಆ ಎರಡನ್ನು ಚಿವುಟಿದರೆ ನಾಲ್ಕು. ಲೆಕ್ಕದ ಮಟ್ಟಿಗೆ ಹೇಳುವುದಾದರೆ ಐದು ಸಲ ಚಿವುಟಿದ ಒಂದು ಕಡ್ಡಿಗೆ 32 ತುದಿಗಳು. ಗಿಡ ಲೆಕ್ಕದಷ್ಟು ಉದಾರವಲ್ಲ. ಆದರೂ ದಟ್ಟಣೆ ಬರುವ ದಾರಿ ಅದೇ. ಆದ್ದರಿಂದ ಮೊದಲ ಕತ್ತರಿ ಒಂದಡಿ ಎತ್ತರದಲ್ಲೇ ಬೀಳಬೇಕು. ಆಮೇಲೆ ಪ್ರತಿ ಅರ್ಧ ಅಡಿ ಬೆಳೆದಾಗ ಒಮ್ಮೆ. ಬೇಲಿ ಬುಡದಲ್ಲಿ ಅಗಲ, ನೆತ್ತಿಯಲ್ಲಿ ಸ್ವಲ್ಪ ಕಿರಿದಾಗಿರಲಿ. ನೆತ್ತಿ ಅಗಲವಾದರೆ ಕೆಳಗಿನ ಎಲೆಗೆ ಬಿಸಿಲು ಸಿಗದೆ ಅದು ಉದುರುತ್ತದೆ.

ಈಗ ಪಂಚಮಿಯ ಹುಡುಗಿಯರ ಕೈಗೆ ಮತ್ತೆ ಬರಬಹುದು. ಅವರಿಗೆ ಬೇಕಾದದ್ದು ತುದಿಯ ಎಳೆಯ ಸೊಪ್ಪು; ಬಣ್ಣ ಹೆಚ್ಚಿರುವುದು ಎಳೆಯ ಎಲೆಯಲ್ಲಿ, ಅದರಲ್ಲೂ ತೊಟ್ಟು ಮತ್ತು ನಡುನರದಲ್ಲಿ. ಅವರು ಬರುತ್ತಿದ್ದದ್ದು ಶ್ರಾವಣದಲ್ಲಿ. ಮಳೆ ಹಿಡಿದು ಗಿಡ ಚಿಗುರಿ ನಿಂತಿರುವ, ಕತ್ತರಿಸಿದರೆ ಬೇಗ ತುಂಬಿಕೊಳ್ಳುವ ಕಾಲ. ತೆಲುಗು ನಾಡಿನಲ್ಲಿ ಆಷಾಢಮಾಸದಲ್ಲಿ ಹೆಂಗಸರು ಗೋರಂಟಿ ಹಚ್ಚಿಕೊಳ್ಳಬೇಕೆಂಬ ರೂಢಿಯಿದೆ; ಅದೂ ಮುಂಗಾರಿನ ತಿಂಗಳು. ಭಾದ್ರಪದದಲ್ಲಿ ಗೌರಿ ಹಬ್ಬಕ್ಕೆ ಮತ್ತೊಂದು ಸುತ್ತು. ಹಬ್ಬದ ಪಂಚಾಂಗವೂ ಬೇಲಿಯ ಪಂಚಾಂಗವೂ ಯಾರೂ ಕೂತು ಹೊಂದಿಸದೆಯೇ ಹೊಂದಿಕೊಂಡಿದ್ದವು. ನಡುನಡುವೆ ಮದುವೆಗಳು, ಮತ್ತು ಋತುವಿನಿಂದ ಋತುವಿಗೆ ಸರಿಯುವ ರಂಜಾನ್. ಹಿಂದೂಗಳ ಬೇಲಿಯಿಂದ ಮುಸ್ಲಿಮರೂ, ಮುಸ್ಲಿಮರ ಬೇಲಿಯಿಂದ ಹಿಂದೂಗಳೂ ಸೊಪ್ಪು ಒಯ್ಯುವುದು ಊರುಗಳಲ್ಲಿ ಹೇಳುವಂಥ ಸಂಗತಿಯೇ ಆಗಿರಲಿಲ್ಲ. ಹತ್ತು ಮನೆಯವರು ಕೀಳುವ ಬೇಲಿಗೆ ಕೂಲಿ ಕೊಟ್ಟು ಕತ್ತರಿಸುವ ಅಗತ್ಯ ಬೀಳುತ್ತಿದ್ದದ್ದು ಕಡಿಮೆ.

ಸೊಪ್ಪನ್ನು ಒರಳಿಗೆ ಹಾಕಿ ಹುಣಸೆಹಣ್ಣು, ಇಲ್ಲವೇ ನಿಂಬೆರಸ, ಕೆಲವರು ಅಡಿಕೆ, ಕಾಚು, ಚಹದ ಕಷಾಯ ಸೇರಿಸಿ ನುಣ್ಣಗೆ ಅರೆಯುತ್ತಿದ್ದರು. ಚಿತ್ತಾರಗಳ ಗೊಡವೆ ಇರಲಿಲ್ಲ. ಅಂಗೈ ನಡುವೆ ಒಂದು ದೊಡ್ಡ ಬೊಟ್ಟು, ಸುತ್ತ ಸಣ್ಣ ಬೊಟ್ಟುಗಳು, ಬೆರಳ ತುದಿಗಳಿಗೆ ಟೊಪ್ಪಿ. ಮೇಲೆ ಎಲೆ ಸುತ್ತಿ ಬಟ್ಟೆ ಕಟ್ಟಿ ಮಲಗಿದರೆ ಬೆಳಗ್ಗೆ ಹಾಸಿಗೆಗೂ ಒಂದಿಷ್ಟು ಬಣ್ಣ.

ಹಸುರು ಎಲೆಯಿಂದ ಕೆಂಪು ಬರುವುದು ನೋಡಲು ಇಂದ್ರಜಾಲ. ಎಲೆಯೊಳಗೆ ಬಣ್ಣದ ವಸ್ತು ಸಕ್ಕರೆಯ ಜೊತೆ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ಅರೆದಾಗ, ಹುಳಿ ಸೇರಿದಾಗ ಆ ಕಟ್ಟು ಬಿಚ್ಚಿ ಲಾಸೋನ್ ಎಂಬ ಕಿತ್ತಳೆ ಬಣ್ಣದ ವಸ್ತು ಹೊರಬರುತ್ತದೆ. ಒಣಗಿದ ಎಲೆಯ ತೂಕದಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಮಾತ್ರ. ಚರ್ಮ, ಉಗುರು, ಕೂದಲು ಮೂರರಲ್ಲೂ ಇರುವ ಕೆರಾಟಿನ್ ಎಂಬ ಪ್ರೋಟೀನನ್ನು ಅದು ಹಿಡಿದುಕೊಳ್ಳುತ್ತದೆ, ತೊಳೆದರೆ ಬಿಡುವುದಿಲ್ಲ. ತೊಳೆದ ತಕ್ಷಣ ಕಿತ್ತಳೆಯಾಗಿದ್ದದ್ದು ಗಾಳಿಯ ಸಂಪರ್ಕದಲ್ಲಿ ಒಂದೆರಡು ದಿನಕ್ಕೆ ಕಡುಗೆಂಪಿಗೆ ತಿರುಗುತ್ತದೆ. ಅಂಗೈ, ಅಂಗಾಲಿನ ತೊಗಲು ದಪ್ಪವಾದ್ದರಿಂದ ಅಲ್ಲಿ ಗಾಢ, ಮುಂಗೈಯಲ್ಲಿ ತಿಳಿ. ಹಳೆಯ ಚರ್ಮದ ಪದರ ಉದುರಿದಂತೆ ಬಣ್ಣವೂ ಎರಡು ಮೂರು ವಾರಕ್ಕೆ ಹೋಗುತ್ತದೆ. ಉಗುರಿನದು ಉಗುರು ಬೆಳೆದು ಕತ್ತರಿಸಿ ಮುಗಿಯುವವರೆಗೆ, ಅಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಮದುಮಗಳ ಕೈ ಕೆಂಪಾದಷ್ಟೂ ಅತ್ತೆಯ ಪ್ರೀತಿ ಹೆಚ್ಚು ಎಂಬ ಮಾತಿದೆ. ಕೆಂಪಿನ ಶ್ರೇಯಸ್ಸು ವಾಸ್ತವವಾಗಿ ಅಂಗೈಯ ತೊಗಲಿಗೆ, ಮೈಬಿಸಿಗೆ ಮತ್ತು ರಾತ್ರಿಯಿಡೀ ಕೈ ಅಲ್ಲಾಡಿಸದ ತಾಳ್ಮೆಗೆ ಸಲ್ಲಬೇಕು.

ಗಂಡಸರಿಗೂ ಇದರ ಪ್ರಯೋಜನ ಇಲ್ಲದಿರಲಿಲ್ಲ. ನಾಟಿಯ ದಿನಗಳಲ್ಲಿ ಕಾಲ್ಬೆರಳ ಸಂದಿಯಲ್ಲಿ ಏಳುವ ಕೆಸರುಹುಣ್ಣಿಗೆ ಮದರಂಗಿ ಅರೆದು ಹಚ್ಚುವುದು ಹಳ್ಳಿಗಳ ಮನೆಮದ್ದು. ಲಾಸೋನ್‌ಗೆ ಬೂಷ್ಟನ್ನು ತಡೆಯುವ ಗುಣ ಇರುವುದು ಪ್ರಯೋಗಾಲಯಗಳಲ್ಲೂ ಕಂಡುಬಂದಿದೆ.

ಪೊಟ್ಟಣದ ಪುಡಿ, ಅನಂತರ ಕೋನ್ ಬಂದ ಮೇಲೆ ಒರಳು ಮೂಲೆ ಸೇರಿತು. ಆ ಪುಡಿಯ ಬಹುಪಾಲು ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಸುತ್ತಿನದು. ಅಲ್ಲಿ ಮದರಂಗಿ ಬೇಲಿಯಲ್ಲ, ಹೊಲದ ಬೆಳೆ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಕುಡುಗೋಲಿನಿಂದ ಬುಡಕ್ಕೆ ಕೊಯ್ಯುತ್ತಾರೆ, ಮತ್ತೆ ಚಿಗುರುತ್ತದೆ. ಬಿಸಿಲು ಹೆಚ್ಚಿ ಮಳೆ ಕಡಿಮೆಯಾದಲ್ಲಿ ಎಲೆಗೆ ಬಣ್ಣ ಹೆಚ್ಚು; ಆ ಒಣ ಸೀಮೆಯ ಹೆಸರು ಹಾಗೆ ಹಬ್ಬಿತು. 2021ರಲ್ಲಿ ‘ಸೋಜತ್ ಮೆಹಂದಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಒಳ್ಳೆಯ ಪುಡಿಯ ಬಗ್ಗೆ ದೂರಲು ಏನಿಲ್ಲ. ದೂರಬೇಕಾದದ್ದು ‘ಕಪ್ಪು ಮೆಹಂದಿ’ಯನ್ನು. ಮದರಂಗಿಯ ಎಲೆ ಅರ್ಧ ಗಂಟೆಯಲ್ಲಿ ಕೈಯನ್ನು ಕಪ್ಪು ಮಾಡಲಾರದು. ಅಷ್ಟು ಬೇಗ ಕಪ್ಪಾದರೆ ಅದರಲ್ಲಿ ಪ್ಯಾರಾಫಿನೈಲೀನ್ ಡೈಅಮೈನ್ ಎಂಬ ಕೂದಲ ಬಣ್ಣದ ರಾಸಾಯನಿಕ ಸೇರಿರುವ ಶಂಕೆ ಬಲವಾಗಿ ಪಡಬೇಕು. ಕೆಲವರಿಗೆ ಇದರಿಂದ ಬೊಬ್ಬೆ ಎದ್ದು, ಚಿತ್ತಾರದ ಗೆರೆಯುದ್ದಕ್ಕೂ ಗಾಯವಾಗಿ ಕಲೆ ಉಳಿಯುತ್ತದೆ. ಒಮ್ಮೆ ಒಗ್ಗದಾದ ಮೈಗೆ ಜೀವಮಾನವಿಡೀ ಕೂದಲ ಬಣ್ಣವೂ ಒಗ್ಗದಂತಾಗಬಹುದು. ಅಪ್ಪಟ ಮದರಂಗಿಯಲ್ಲೂ ಒಂದು ಎಚ್ಚರ ಉಂಟು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸುಗಳ ಮೈಗೆ ಹಚ್ಚಿದಾಗ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೇ ಅಪಾಯವಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಕೂಸಿನ ಅಂಗಾಲಿಗೆ ಶುಭವೆಂದು ಹಚ್ಚುವ ಪದ್ಧತಿಯಿರುವ ಮನೆಗಳಲ್ಲಿ ಅದನ್ನು ಬಿಡುವುದೇ ಸರಿ.

ಹಿತ್ತಲಿನ ಬೇಲಿಯ ಸೊಪ್ಪಿನಲ್ಲಿ ಏನಿದೆ, ಏನಿಲ್ಲ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೋನ್ ಬಂದು ಕೈಗಳು ಬೇಲಿಯಿಂದ ದೂರವಾದಾಗ ಬೇಲಿಗೂ ಕಷ್ಟ ಬಂತು. ಕೀಳುವವರಿಲ್ಲದೆ ಅದು ಬೆಳೆದು, ಬುಡ ಬರಿದಾಗಿ, ಕತ್ತರಿಸುವ ಕೂಲಿ ಹೊರೆಯೆನಿಸಿತು. ಜೊತೆಗೆ ನಗರಗಳ ಮೂವತ್ತು-ನಲವತ್ತರ ನಿವೇಶನದ ಲೆಕ್ಕ: ಬೇಲಿ ಎರಡು ಮೂರು ಅಡಿ ಜಾಗ ತಿನ್ನುತ್ತದೆ, ಕಾಂಪೌಂಡ್ ಗೋಡೆಗೆ ಒಂದಡಿಯೂ ಬೇಡ. ಲೆಕ್ಕ ಹಾಕಿದವರನ್ನು ತಪ್ಪೆನ್ನುವಂತಿಲ್ಲ. ಆದರೆ ಜಾಗದ ಕೊರತೆಯಿಲ್ಲದ ತೋಟದ ಮನೆಗಳಲ್ಲೂ, ಶಾಲೆಗಳ ಅಂಗಳದಲ್ಲೂ ಬೇಲಿ ತೆಗೆದು ಸಿಮೆಂಟ್ ಕಂಬ, ತಂತಿ ಹಾಕಿರುವುದಕ್ಕೆ ಈ ಸಮಜಾಯಿಷಿ ಸಾಲದು.

ಬೇಲಿಗೆಂದು ಬರುವ ಎಲ್ಲ ಗಿಡವೂ ಸಾಧುವಲ್ಲ ಎಂಬುದನ್ನೂ ಹೇಳಬೇಕು. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚೆಂದಕ್ಕೆಂದು ತಂದ ಲಂಟಾನ, ತೋಟದ ಅಂಚುಗಳಿಂದ ತಪ್ಪಿಸಿಕೊಂಡು ಇಂದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಆವರಿಸಿದೆ. ಅದರ ರಸಭರಿತ ಹಣ್ಣನ್ನು ಹಕ್ಕಿಗಳು ತಿಂದು ಊರೂರಿಗೆ ಬಿತ್ತಿದವು. ಮದರಂಗಿಯದು ಒಣಕಾಯಿ, ಹಕ್ಕಿಗೆ ಬೇಕಾದ ತಿರುಳು ಅದರಲ್ಲಿಲ್ಲ. ಇಲ್ಲಿ ಅದು ಹೆಚ್ಚಾಗಿ ನೆಟ್ಟಲ್ಲೇ ನಿಂತಿದೆ.

ಶತ್ರುಗಳು ಇದಕ್ಕೆ ಕಡಿಮೆ. ಹರಳು ಗಿಡವನ್ನು ಬೋಳಿಸುವ, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನಡೆಯುವ ಹುಳು ಮಳೆಗಾಲದಲ್ಲಿ ಒಮ್ಮೊಮ್ಮೆ ಮದರಂಗಿಗೂ ಬೀಳುತ್ತದೆ. ಮನೆಬೇಲಿಯಲ್ಲಾದರೆ ಬೆಳಗ್ಗೆ ಕೈಯಿಂದ ಆರಿಸಿ ತೆಗೆದರೆ ಸಾಕು. ಸೊಪ್ಪು ಕೈಗೆ ಹಚ್ಚುವಂಥದ್ದಾದ್ದರಿಂದ ಔಷಧಿ ಹೊಡೆಯದಿರುವುದು ಲೇಸು. ಗೊಬ್ಬರವೂ ಮಿತವಾಗಿರಲಿ. ಹೆಚ್ಚು ನೀರು, ಗೊಬ್ಬರ ಉಂಡ ಗಿಡ ಅಗಲ ಎಲೆ ಬಿಟ್ಟು ಬಣ್ಣದಲ್ಲಿ ಸೋಲುತ್ತದೆ ಎಂಬುದು ಬೆಳೆಗಾರರ ಅನುಭವ.

ಚೆನ್ನಾಗಿ ಕತ್ತರಿಸಿದ ಬೇಲಿಯ ಒಡೆಯನಿಗೆ ಒಂದು ನಷ್ಟವಿದೆ. ಅವನು ಮದರಂಗಿಯ ಹೂ ಕಾಣುವುದಿಲ್ಲ. ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ, ಆ ತುದಿಯೇ ಕತ್ತರಿಯ ಪಾಲು. ಕೆನೆಬಿಳುಪಿನ ನಾಲ್ಕು ಸುಕ್ಕುದಳಗಳ ಆ ಪುಟ್ಟ ಹೂವಿನ ಪರಿಮಳ ಸಂಜೆಯ ಮೇಲೆ ಅಂಗಳ ದಾಟಿ ಬೀದಿಗೆ ಬರುತ್ತದೆ. ಉತ್ತರಪ್ರದೇಶದ ಕನೌಜಿನವರು ಅದರಿಂದ ಅತ್ತರು ಇಳಿಸುತ್ತಾರೆ. ಎರಡೂ ಬೇಕೆನ್ನುವವರು ಬೇಲಿಯ ಒಂದು ಮೂಲೆಯ ಗಿಡವನ್ನು ಕತ್ತರಿಸದೆ ಮರವಾಗಲು ಬಿಡುತ್ತಾರೆ. ಆಳೆತ್ತರ ಮೀರಿ ಹದಿನೈದಡಿಗೂ ಹೋಗುತ್ತದೆ. ಬೀಜಕ್ಕೂ ಅದೇ ಗಿಡ ಆದೀತು.

ಬುಡ ಬರಿದಾದ ಹಳೆಯ ಬೇಲಿ ಈಗಲೂ ಎಷ್ಟೋ ಮನೆಗಳ ಪಕ್ಕದಲ್ಲಿ ನಿಂತಿದೆ. ಅದನ್ನು ಕಿತ್ತು ಹೊಸದು ನೆಡಬೇಕಿಲ್ಲ. ಮೊದಲ ಮಳೆ ಬಿದ್ದು ನೆಲ ತೊಯ್ದ ಮೇಲೆ ಹರಿತವಾದ ಮಚ್ಚಿನಿಂದ ಮೊಣಕಾಲಿಗಿಂತ ಕೆಳಕ್ಕೆ, ಒಂದಡಿ ಬಿಟ್ಟು ಕಡಿಯಬೇಕು. ಕಾಂಡ ಸೀಳಬಾರದು. ಬುಡಕ್ಕೆ ಒಂದು ಬುಟ್ಟಿ ಹಟ್ಟಿಗೊಬ್ಬರ ಹಾಕಿದರೆ ಅದೇ ಹಬ್ಬದೂಟ. ಮೊದಲ ಕೆಲವು ವಾರ ಮನೆಯ ಹಿರಿಯರು ‘ಚೆನ್ನಾಗಿದ್ದ ಗಿಡ ಕೊಂದೆ’ ಎಂದು ಬೈಯುವುದುಂಟು. ಆಮೇಲೆ ಬೋಳು ತೊಗಟೆಯ ಮೇಲೆ ತಾಮ್ರದ ಛಾಯೆಯ ಚಿಗುರು ಜೋಡಿಜೋಡಿಯಾಗಿ ಒಡೆಯುತ್ತದೆ. ಅದು ಗೇಣುದ್ದ ಬೆಳೆದಾಗ ಪಕ್ಕದ ಮನೆಯ ಮಕ್ಕಳನ್ನು ಕರೆದು, ಬೇಕಾದಷ್ಟು ಸೊಪ್ಪು ಕಿತ್ತುಕೊಳ್ಳಿ ಎನ್ನಬಹುದು.